ಉಗುರಗಲದ ಕರಡಿ

ಮಕ್ಕಳೇ, ಸ್ವಿಟ್ಜರ್ಲೆಂಡಿನಲ್ಲಿ ಬೆರ್ನ್ ಎಂಬ ಊರಿದೆ. ಅದರ ಲಾಂಛನ ಕರಡಿ. 1191ರಲ್ಲಿ ಊರು ಕಟ್ಟಿಸಿದ ಐದನೆಯ ಬೆರ್ಟೋಲ್ಡ್ ದೊರೆ, ಬೇಟೆಯಲ್ಲಿ ಮೊದಲು ಸಿಕ್ಕ ಪ್ರಾಣಿಯ ಹೆಸರನ್ನೇ ಊರಿಗಿಡುತ್ತೇನೆ ಎಂದನಂತೆ. ಸಿಕ್ಕಿದ್ದು ಕರಡಿ. ಇದು ಬರೀ ದಂತಕತೆ. ಆದರೆ ಆರೆ ನದಿಯ ದಂಡೆಯಲ್ಲಿ ಊರಿನವರು ಇವತ್ತಿಗೂ ನಿಜವಾದ ಕರಡಿಗಳನ್ನು ಸಾಕಿಕೊಂಡಿದ್ದಾರೆ. ಅವತ್ತು ಮೊಲ ಸಿಕ್ಕಿದ್ದರೆ ಏನಾಗುತ್ತಿತ್ತೋ!

ಈ ಲಾಂಛನವನ್ನು ಚಿನ್ನದ ಪುಟ್ಟ ಗುರಾಣಿಯಲ್ಲಿ ಮೂಡಿಸಿ, ಬಣ್ಣದ ಎನಾಮಲ್ ತುಂಬಿ, ಕೈಸರಪಳಿಗೆ ತೂಗುಹಾಕುವ ಬಿಲ್ಲೆ ಮಾಡುತ್ತಿದ್ದರು. ಅದಕ್ಕೆ ಚಾರ್ಮ್ ಎಂದು ಹೆಸರು. ಪ್ರವಾಸಿಗರು ನೋಡಿದ ಊರಿನ ನೆನಪಿಗೆ ಕೊಳ್ಳುತ್ತಿದ್ದರು.

ಗುರಾಣಿಯ ನೆಲ ಕೆಂಪು. ಓರೆಯಾಗಿ ಒಂದು ಚಿನ್ನದ ಪಟ್ಟಿ. ಅದರ ಮೇಲೆ ಏರು ಹತ್ತುತ್ತಿರುವ ಕಪ್ಪು ಕರಡಿ, ನಾಲಿಗೆ ಕೆಂಪು. ನಡುವೆ ಪಟ್ಟಿ ಯಾಕೆ? ಯುರೋಪಿನ ಲಾಂಛನಗಳಿಗೆ ಒಂದು ಹಳೆಯ ನಿಯಮವಿದೆ: ಬಣ್ಣದ ಮೇಲೆ ಬಣ್ಣ ಇಡಬಾರದು, ನಡುವೆ ಚಿನ್ನ ಅಥವಾ ಬೆಳ್ಳಿ ಇರಬೇಕು. ಕೆಂಪಿನ ಮೇಲೆ ಕಪ್ಪು ದೂರದಿಂದ ಕಾಣಿಸುವುದಿಲ್ಲ. ಯುದ್ಧದಲ್ಲಿ ನಮ್ಮವರು ಯಾರೆಂದು ತಿಳಿಯದಿದ್ದರೆ ಕಷ್ಟವಲ್ಲವೇ?

ಎನಾಮಲ್ ಅಂದರೆ ಪೇಂಟ್ ಅಲ್ಲ, ಗಾಜು. ನಮ್ಮ ಮೀನಾಕಾರಿಯೂ ಇದೇ. ಬಣ್ಣದ ಗಾಜನ್ನು ಹಿಟ್ಟಿನಂತೆ ಅರೆದು, ಚಿನ್ನದ ಗುಳಿಗಳಲ್ಲಿ ತುಂಬಿ, ಕುಲುಮೆಯಲ್ಲಿ ಸುಮಾರು 800 ಡಿಗ್ರಿಗೆ ಕಾಯಿಸುತ್ತಾರೆ. ಗಾಜು ಕರಗಬೇಕು, ಚಿನ್ನ ಕರಗಬಾರದು. ಕೋಬಾಲ್ಟ್ ಬೆರೆಸಿದರೆ ಗಾಜು ನೀಲಿಯಾಗುತ್ತದೆ. ತಮಾಷೆ ನೋಡಿ, ಅತಿ ಸ್ವಲ್ಪ ಚಿನ್ನವನ್ನೇ ಬೆರೆಸಿದರೆ ಮಾಣಿಕ್ಯದಂಥ ಕೆಂಪು ಬರುತ್ತದೆ!

ನಾನು ಕೌಂಟರಿನಲ್ಲಿದ್ದಾಗ ಒಬ್ಬ ಅಜ್ಜಿ ಇಂಥದೇ ಕರಡಿಯನ್ನು ಒಡವೆ ಸಾಲಕ್ಕೆ ತಂದರು. ಮೊಮ್ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ಯಜಮಾನರು ತರಬೇತಿಗೆ ಹೋಗಿದ್ದಾಗ ತಂದ ಬಿಲ್ಲೆಯಂತೆ; ಅವರು ಆಗ ಇರಲಿಲ್ಲ. ತೂಕ ನಾಲ್ಕು ಗ್ರಾಂ. ಹಿಂದೆ 750 ಎಂದು ಒತ್ತಿತ್ತು, ಅಂದರೆ ಸಾವಿರಕ್ಕೆ ಅಷ್ಟು ಪಾಲು ಅಪ್ಪಟ ಚಿನ್ನ. ಪರೀಕ್ಷಕರು ಗಾಜಿಗೆಂದು ಅರ್ಧ ಗ್ರಾಂ ಕಳೆದರು. ಉಳಿದ ಮೂರೂವರೆ ಗ್ರಾಂನಲ್ಲಿ ಅಪ್ಪಟ ಚಿನ್ನ ಎಷ್ಟು? ಲೆಕ್ಕ ಹಾಕಿ. 2.625 ಗ್ರಾಂ ಬಂದವರಿಗೆ ಶಹಭಾಸ್.

"ಕರಡಿಗೇನೂ ಇಲ್ವೇನಪ್ಪಾ?" ಎಂದರು ಅಜ್ಜಿ.

"ಇಲ್ಲಮ್ಮ, ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕೈಯಲ್ಲಿದ್ದ ಒಂದೇ ಜೊತೆ ಬಳೆ ಬಿಚ್ಚಿ ಕೌಂಟರಿನ ಮೇಲಿಟ್ಟರು. ಹನ್ನೊಂದು ತಿಂಗಳಿಗೆ ಬಳೆ ಬಿಡಿಸಿಕೊಂಡೂ ಹೋದರು.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಎನಾಮಲ್ ಒಡವೆಯನ್ನು ಕುದಿನೀರಿಗೆ ಹಾಕಬೇಡಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೊಂಡಿ ಮುರಿದರೆ ಬೆಸುಗೆಗೆ ಕೊಡುವ ಮುಂಚೆ, ಇದರಲ್ಲಿ ಗಾಜಿದೆ ಎಂದು ಅಕ್ಕಸಾಲಿಗರಿಗೆ ಬಾಯಿಬಿಟ್ಟು ಹೇಳಿ. ಉರಿ ತಗುಲಿದರೆ ಗಾಜು ಬಿರಿಯುತ್ತದೆ.