ಹುಲಿ ರಕ್ಷಣೆಯೂ ಕಾಡಂಚಿನ ರೈತನೂ

ಹಸುವನ್ನು ಹುಲಿ ಹಿಡಿದ ಮರುದಿನ ಆ ರೈತನೆದುರು ನಿಂತು ಹುಲಿಯ ಮಹತ್ವವನ್ನು ವಿವರಿಸುವುದು ಸುಲಭವಲ್ಲ. ಕರೆಯುವ ಹಸು ಹೋದರೆ ಡೇರಿಯ ಬಟವಾಡೆಯೂ ಹೋಯಿತು. ಆದರೆ ಆ ಸಿಟ್ಟಿನಲ್ಲಿ ಕಳೇಬರಕ್ಕೆ ವಿಷ ಹಾಕಿದರೆ ಏನಾಗುವುದೆಂಬುದನ್ನು 2025ರ ಜೂನ್ ತಿಂಗಳಲ್ಲಿ ಕಂಡೆವು. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದಲ್ಲಿ ವಿಷವಿಟ್ಟ ಹಸುವಿನ ಮಾಂಸ ತಿಂದು ತಾಯಿ ಹುಲಿಯೊಂದು ನಾಲ್ಕು ಮರಿಗಳೊಡನೆ ಸತ್ತಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದಾಗ ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಮಧ್ಯೆ ಕಳ್ಳಬೇಟೆಯಿಂದ ಪೆಟ್ಟು ಬಿದ್ದು, 2006ರ ಗಣತಿಯಲ್ಲಿ ದೇಶದ ಹುಲಿಗಳು 1,411ಕ್ಕೆ ಇಳಿದಿದ್ದವು. 2022ರ ಗಣತಿಯ ಅಂದಾಜು 3,682. ಅದರಲ್ಲಿ ಕರ್ನಾಟಕದವು 563. ಕಾಡು ಮಾತ್ರ ಬೆಳೆದಿಲ್ಲ. ಲಂಟಾನ ಹಬ್ಬಿ ಹುಲ್ಲು ಕಡಿಮೆಯಾದ ಕಡೆ ಜಿಂಕೆ ಹೊಲಕ್ಕೆ ಬರುತ್ತದೆ. ಮುದಿ ಹುಲಿಯೂ, ಸ್ವಂತ ನೆಲೆ ಹುಡುಕುವ ಎಳೆಯ ಹುಲಿಯೂ ಕಾಡಂಚಿಗೆ ಬಂದು ದನದ ಮೇಲೆ ಬೀಳುತ್ತವೆ.

ಹುಲಿ ತನ್ನ ಬೇಟೆಯನ್ನು ಒಂದೇ ಸಲಕ್ಕೆ ಮುಗಿಸುವುದಿಲ್ಲ, ಮತ್ತೆ ಬಂದು ತಿನ್ನುತ್ತದೆ. ವಿಷವಿಡುವವನಿಗೆ ಅದು ಸುಲಭವಾಗಿ ಸಿಕ್ಕಿಬೀಳುವುದು ಇದರಿಂದಲೇ. ಅದೇ ಮಾಂಸಕ್ಕೆ ಬಾಯಿ ಹಾಕಿದ ಮನೆಯ ನಾಯಿಯೂ, ಮೇಲಿಂದ ಇಳಿದ ರಣಹದ್ದೂ ಸಾಯುತ್ತವೆ. ಬೆಳೆಯ ಹುಳುವಿಗೆಂದು ತಂದ ಔಷಧಿಯನ್ನು ಹೀಗೆ ಬಳಸುವುದು ಅಪರಾಧ, ಜೈಲು ತಪ್ಪದು.

ಆದರೆ ಕಾಯಿದೆಯ ಭಯ ಒಂದರಿಂದಲೇ ವಿಷ ನಿಲ್ಲದು. ಸತ್ತ ಹಸುವಿಗೆ ಸಂತೆಯ ಧಾರಣೆಯಂತೆ ಪರಿಹಾರ ಸಿಗಬೇಕು, ಅದೂ ತಿಂಗಳುಗಟ್ಟಲೆ ಅಲೆಸದೆ. ಸರ್ಕಾರಿ ನೌಕರನಾದರೂ ಇದನ್ನು ಬರೆಯದಿರಲಾರೆ. ಹುಲಿ ನಾಡಿನ ಸೊತ್ತಾದರೆ ಅದರ ಖರ್ಚನ್ನು ಎರಡು ಹಸುಗಳ ಒಡೆಯನೊಬ್ಬನೇ ಏಕೆ ಹೊರಬೇಕು?

ರೈತ ಬಾಂಧವರು ದನ ಸತ್ತ ಕೂಡಲೇ ಅರಣ್ಯ ಕಚೇರಿಗೆ ತಿಳಿಸಬೇಕು. ಮಹಜರು ಆಗುವವರೆಗೆ ಕಳೇಬರವನ್ನು ಎಳೆಯಬಾರದು. ಪಶುವೈದ್ಯರ ಪ್ರಮಾಣಪತ್ರವನ್ನು ಮರೆಯದೆ ಪಡೆಯಿರಿ. ರಾತ್ರಿ ದನಗಳಿಗೆ ಗಟ್ಟಿ ಬಾಗಿಲಿನ ಕೊಟ್ಟಿಗೆ ಇರಲಿ. ಹತ್ತು ಬಡಕಲು ದನಗಳನ್ನು ಕಾಡಿಗೆ ಅಟ್ಟುವ ಬದಲು, ಬದುವಿನಲ್ಲಿ ನೇಪಿಯರ್ ಹುಲ್ಲು ಹಾಕಿ ಎರಡು ಒಳ್ಳೆಯ ಹಸುಗಳನ್ನು ಕಟ್ಟಿ ಮೇಯಿಸಿದರೆ ಹಾಲೂ ಹೆಚ್ಚು, ಗೊಬ್ಬರವೂ ಮನೆಯಲ್ಲೇ.

ಕಾಲುಬಾಯಿ ಜ್ವರದ ಲಸಿಕೆಯನ್ನೂ ತಪ್ಪಿಸಬೇಡಿ. ಕಾಡಿನಲ್ಲಿ ಮೇಯುವ ದನದಿಂದ ಆ ರೋಗ ಕಾಟಿ, ಜಿಂಕೆಗಳಿಗೂ ಅಂಟೀತು. ಅವು ಕಡಿಮೆಯಾದಷ್ಟೂ ಹುಲಿಯ ಕಣ್ಣು ನಮ್ಮ ಕೊಟ್ಟಿಗೆಯ ಮೇಲೆ ಬೀಳುತ್ತದೆ.