ಬವಾಸೀರ್‌ಗೆ ಲೇಸರ್ ಬೇಕೇ?

ಕಮಲಾಪುರದ ಕೆಂಪುಬಾಳೆ ತೋಟದಲ್ಲಿ ದುಡಿಯುವ ಒಬ್ಬರು ಈಚೆಗೆ ನನ್ನ ಬಳಿ ಬಂದಿದ್ದರು. ಕೈಯಲ್ಲಿ ಕಲಬುರಗಿಯ ಒಂದು ಕ್ಲಿನಿಕ್ ಬರೆದುಕೊಟ್ಟ ಲೇಸರ್ ಖರ್ಚಿನ ಚೀಟಿ. ಹೆಂಡತಿಯ ಬಂಗಾರ ಅಡವಿಡುವ ಯೋಚನೆಯಲ್ಲಿದ್ದರು. "ಕೊಯ್ಯೋದಿಲ್ಲ, ನೋವಿಲ್ಲ ಅಂತಾರ. ಮಾಡಿಸಲೇನ್ರಿ ಹಕೀಂ ಸಾಬ್?" ಪರೀಕ್ಷಿಸಿದೆ. ಮೊದಲ ಹಂತದ ಮೂಲವ್ಯಾಧಿ. ಅದಕ್ಕೆ ಲೇಸರೂ ಬೇಡ, ಕತ್ತರಿಯೂ ಬೇಡ.

ನೀವು ಮೊದಲು ಕೇಳಬೇಕಾದದ್ದು ಲೇಸರೋ ಕತ್ತರಿಯೋ ಎಂದಲ್ಲ, ನನ್ನದು ಎಷ್ಟನೇ ಹಂತ ಎಂದು. ರಕ್ತ ಮಾತ್ರ ಬೀಳುತ್ತಿದ್ದರೆ ಒಂದನೆಯದು. ಗಂಟು ಹೊರಬಂದು ತಾನಾಗಿ ಒಳಹೋದರೆ ಎರಡನೆಯದು. ಬೆರಳಿನಿಂದ ಒಳತಳ್ಳಬೇಕಾದರೆ ಮೂರನೆಯದು, ಹೊರಗೇ ಉಳಿದರೆ ನಾಲ್ಕನೆಯದು. ಮೊದಲೆರಡು ಹಂತಗಳಲ್ಲಿ ಹೆಚ್ಚಿನವರಿಗೆ ಸೊಪ್ಪು, ಸಾಕಷ್ಟು ನೀರು, ಇಸಬಗೋಲ್, ಉಗುರುಬೆಚ್ಚಗಿನ ನೀರಿನಲ್ಲಿ ಕೂರುವುದು, ಜೊತೆಗೆ ಔಷಧಿ ಸಾಕಾಗುತ್ತದೆ. ಸಾಲದಿದ್ದರೆ ಗಂಟಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುವ ಸಣ್ಣ ಚಿಕಿತ್ಸೆಯಿದೆ.

ಲೇಸರ್‌ನಲ್ಲಿ ಸಣ್ಣ ತಂತುವನ್ನು ಗಂಟಿನೊಳಗೆ ಸೇರಿಸಿ, ಶಾಖದಿಂದ ಅದನ್ನು ಕುಗ್ಗಿಸುತ್ತಾರೆ. ದೊಡ್ಡ ಗಾಯವಿಲ್ಲ, ನೋವು ಕಡಿಮೆ, ಬೇಗ ಕೆಲಸಕ್ಕೆ ಮರಳಬಹುದು. ದಿನಗೂಲಿಯವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಗಂಟು ಮತ್ತೆ ಕಾಣಿಸಿಕೊಳ್ಳುವ ಸಾಧ್ಯತೆ ಕತ್ತರಿಸಿ ತೆಗೆದಾಗಿನದಕ್ಕಿಂತ ಹೆಚ್ಚು. ಇದನ್ನು ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ. 1937ರಲ್ಲಿ ಲಂಡನ್ನಿನ ಮಿಲಿಗನ್ ಮತ್ತು ಮಾರ್ಗನ್ ಪ್ರಕಟಿಸಿದ ತೆರೆದ ಶಸ್ತ್ರಚಿಕಿತ್ಸೆ ಇಂದಿಗೂ ನಡೆಯುತ್ತಿದೆ. ಒಂದೆರಡು ವಾರ ಚೆನ್ನಾಗಿಯೇ ನೋಯುತ್ತದೆ, ಗಾಯ ಮಾಯಲು ತಿಂಗಳಾದರೂ ಬೇಕು. ಆದರೆ ನಾಲ್ಕನೇ ಹಂತಕ್ಕೆ, ಹೊರಗೆ ದೊಡ್ಡ ಗಂಟುಗಳಿದ್ದವರಿಗೆ ನಾನು ಅದನ್ನೇ ಹೇಳುತ್ತೇನೆ. ಮೂರನೇ ಹಂತದಲ್ಲಿ, ಕೈಯಲ್ಲಿ ಹಣವಿದ್ದರೆ ಲೇಸರ್ ಮಾಡಿಸಿಕೊಳ್ಳಿ. ಸಾಲ ಮಾಡಿ ಬೇಡ. ಜಿಮ್ಸ್‌ನಂಥ ಸರಕಾರಿ ಆಸ್ಪತ್ರೆಯ ಸರ್ಜನ್‌ಗೆ ಒಮ್ಮೆ ತೋರಿಸಿ, ಆಮೇಲೆ ನಿರ್ಧರಿಸಿ.

ಯುನಾನಿಯವನು ಕತ್ತರಿಯ ಪರ ಮಾತಾಡುವುದೇ ಎಂದು ಕೆಲವರು ನಗುತ್ತಾರೆ. ಸಾವಿರ ವರ್ಷದ ಹಿಂದೆ ಅಂದಲೂಸಿನ ಅಬುಲ್ ಕಾಸಿಂ ಅಝ್ಝಹ್ರಾವಿ 'ಅತ್ತಸ್ರೀಫ್' ಗ್ರಂಥದಲ್ಲಿ ಮೂಲವ್ಯಾಧಿಯ ಶಸ್ತ್ರಚಿಕಿತ್ಸೆಯನ್ನೂ ಬರೆದಿದ್ದಾರೆ. ಔಷಧಿಯ ಮಿತಿ ನಮ್ಮ ಹಿರಿಯರಿಗೂ ಗೊತ್ತಿತ್ತು.

ನನಗೆ ಹೆಚ್ಚು ಭಯವಿರುವುದು ಬೇರೆಯದರ ಬಗ್ಗೆ. ರಕ್ತ ಬಿದ್ದದ್ದೆಲ್ಲ ಬವಾಸೀರ್ ಅಲ್ಲ. ಕರುಳಿನ ಕ್ಯಾನ್ಸರ್ ಕೂಡ ಹೀಗೇ ಶುರುವಾಗಬಹುದು. ನಲವತ್ತು ದಾಟಿದವರು, ತೂಕ ಇಳಿಯುತ್ತಿರುವವರು, ಮಲವಿಸರ್ಜನೆಯ ರೂಢಿ ಬದಲಾದವರು ಕೊಲೊನೊಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳದೆ ಯಾವ ಲೇಸರಿಗೂ ಒಪ್ಪಬೇಡಿ. ನಮ್ಮ ಹೆಣ್ಣುಮಕ್ಕಳಂತೂ ಹಯಾದಿಂದ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ವುಝೂ ನಿಲ್ಲುವುದಿಲ್ಲವೆಂದು ನಮಾಝ್ ಬಿಟ್ಟವರನ್ನೂ ಕಂಡಿದ್ದೇನೆ. ಅವರಿಗಿರುವ ರಿಯಾಯಿತಿ ಏನೆಂದು ಆಲಿಮರು ಹೇಳುತ್ತಾರೆ, ಕೇಳಿ. ಆದರೆ ಪರೀಕ್ಷೆಗೆ ಮಹಿಳಾ ವೈದ್ಯರು ಬೇಕೆಂದು ಕೇಳಲು ಸಂಕೋಚ ಬೇಡ. ಪ್ರಾಕ್ಟೋಸ್ಕೋಪ್ ನಳಿಕೆಯಿಂದ ನೋಡಲು ಐದು ನಿಮಿಷವೂ ಹಿಡಿಯುವುದಿಲ್ಲ.