ಮೊಟ್ಟೆಯನ್ನು ಒಡೆಯಬೇಕಾದವರು ಯಾರು?

ಕಾವು ಕುಳಿತ ಕೋಳಿಯ ಬುಟ್ಟಿಯ ಸುತ್ತ ಮಕ್ಕಳು ಸೇರುವುದು ನಮ್ಮ ಕಾಸರಗೋಡಿನ ಹಳ್ಳಿಮನೆಗಳಲ್ಲಿ ಹೊಸತಲ್ಲ. ಮೊಟ್ಟೆಯಲ್ಲಿ ಸಣ್ಣದೊಂದು ಬಿರುಕು ಕಾಣುತ್ತದೆ, ಒಳಗಿನಿಂದ ಕ್ಷೀಣವಾದ ದನಿ ಕೇಳುತ್ತದೆ. ಗಂಟೆಗಳು ಉರುಳಿದರೂ ಮರಿ ಹೊರಗೆ ಬರುವುದಿಲ್ಲ. “ಪಾಪ, ಸಿಪ್ಪೆ ಬಿಡಿಸಿಕೊಡೋಣವೇ ಅಜ್ಜೀ?” ಎಂದು ಮಕ್ಕಳು ಕೇಳುತ್ತಾರೆ. “ಮುಟ್ಟಬೇಡಿ ಮಕ್ಕಳೇ” ಎಂದು ಅಜ್ಜಿ ಗದರಿಸುತ್ತಾರೆ. ಅಜ್ಜಿಯದು ಕಲ್ಲೆದೆಯೇ? ಖಂಡಿತ ಅಲ್ಲ. ಅವರ ಮಾತಿನಲ್ಲಿ ತಲೆಮಾರುಗಳ ಅನುಭವವಿದೆ. ವಿಜ್ಞಾನವೂ ಅದನ್ನೇ ಹೇಳುತ್ತದೆ.

ಕೋಳಿಮೊಟ್ಟೆ ಮರಿಯಾಗಲು ಸುಮಾರು ೨೧ ದಿನಗಳು ಬೇಕು. ಅಷ್ಟು ದಿನವೂ ಮರಿಗೆ ಪ್ರಾಣವಾಯು ದೊರಕುವುದು ಸಿಪ್ಪೆಯ ಒಳಮೈಗೆ ಹಬ್ಬಿದ ರಕ್ತನಾಳಗಳ ಮೂಲಕ. ಕೊನೆಯ ಹಂತದಲ್ಲಿ ಅದು ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಕೋಣೆಗೆ ಕೊಕ್ಕು ಚಾಚಿ ಮೊದಲ ಉಸಿರೆಳೆಯುತ್ತದೆ. ಆಮೇಲೆ ಕೊಕ್ಕಿನ ಮೇಲಿರುವ ಗಟ್ಟಿಯಾದ ಪುಟ್ಟ ಮುಳ್ಳಿನಿಂದ ಸಿಪ್ಪೆಯನ್ನು ಕುಟ್ಟಿ ಬಿರುಕು ಮಾಡುತ್ತದೆ. ಅಲ್ಲಿಂದ ಮುಂದೆ ೧೨ರಿಂದ ೨೪ ಗಂಟೆಗಳ ಕಾಲ ಅದು ಸುಮ್ಮನಿರುವಂತೆ ನಮಗೆ ತೋರುತ್ತದೆ. ಆದರೆ ಒಳಗೆ ದೊಡ್ಡ ಕೆಲಸವೇ ನಡೆದಿರುತ್ತದೆ. ರಕ್ತನಾಳಗಳಲ್ಲಿದ್ದ ರಕ್ತ ಮೈಗೆ ಮರಳುತ್ತದೆ. ಉಳಿದ ಹಳದಿ ಭಾಗ ಮರಿಯ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಹುಟ್ಟಿದ ಮೇಲೆ ಎರಡು ದಿನ ಕಾಳಿಲ್ಲದಿದ್ದರೂ ಮರಿ ಬದುಕಿರಬಲ್ಲುದು ಈ ಬುತ್ತಿಯಿಂದಲೇ. ಈ ಕೆಲಸ ಮುಗಿಯುವ ಮೊದಲು ನಾವು ಸಿಪ್ಪೆ ಸುಲಿದರೆ ನಾಳ ಹರಿದು ರಕ್ತ ಸೋರುತ್ತದೆ, ಬುತ್ತಿ ಹೊರಗೆ ಉಳಿಯುತ್ತದೆ. ಕನಿಕರವೇ ಕೊಲೆಯಾಗುತ್ತದೆ!

“ಕಷ್ಟಪಟ್ಟರೆ ಬಲ ಬರುತ್ತದೆ” ಎಂಬ ನೀತಿಯನ್ನು ಈ ವಿಷಯಕ್ಕೆ ಅಂಟಿಸುವವರು ಬಹಳ. ನಮಗೆ ಕಾಣುವ ನೀತಿ ಬೇರೆ. ಮರಿಗೆ ಬೇಕಾದುದು ಬರಿಯ ಕಷ್ಟವಲ್ಲ, ವೇಳೆ. ಹೊರಗಿನಿಂದ ನೋಡಿ ಸೋಮಾರಿತನವೆಂದೋ ಸೋಲೆಂದೋ ನಾವು ತಿಳಿಯುವುದು ಎಷ್ಟೋ ಬಾರಿ ಒಳಗಿನ ಸಿದ್ಧತೆಯೇ ಆಗಿರುತ್ತದೆ.

ಇನ್ನು ನಮ್ಮ ಮಕ್ಕಳ ಮಾತಿಗೆ ಬರೋಣ. ಗಡಿನಾಡಿನ ನಮ್ಮ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕವನ್ನೋ ಮಾತಾಡುತ್ತದೆ. ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ, ಹತ್ತನೆಯ ತರಗತಿ ದಾಟಿದರೆ ಇಂಗ್ಲಿಷು. ಇಷ್ಟು ಭಾಷೆಗಳನ್ನು ಹೊತ್ತ ಮಗು ಮೊದಲ ಪ್ರಬಂಧವನ್ನು ತಡವರಿಸುತ್ತ ಬರೆಯುವುದು ಸಹಜ. ಆದರೆ ಅನೇಕ ಮನೆಗಳಲ್ಲಿ ಆ ತಡವರಿಕೆಯನ್ನು ಸಹಿಸುವ ತಾಳ್ಮೆ ಇಲ್ಲ. ಪ್ರಬಂಧ ಬರೆಯುವವರು ಅಪ್ಪ, ನಕ್ಷೆ ಬಿಡಿಸುವವರು ಅಕ್ಕ, ಉತ್ತರ ಕೊಡುವುದು ಗೈಡು. ಭಾಷಣ ಸ್ಪರ್ಧೆಯಲ್ಲಿ ಒಪ್ಪಿಸುವುದು ಯಾರೋ ಬರೆದುಕೊಟ್ಟ ಮಾತು. ಬಹುಮಾನವೇನೋ ಬಂದೀತು. ಆದರೆ ನಾಳೆ ಒಂದು ಅರ್ಜಿ ಬರೆಯಬೇಕಾದಾಗ ಆ ಮಗು ಯಾರ ಮುಖ ನೋಡಬೇಕು?

ಒಂದು ಪರೀಕ್ಷೆಯಲ್ಲಿ ಅಂಕ ಕಡಮೆಯಾದೊಡನೆ ಗಾಬರಿಗೊಂಡು ಮಗುವಿನ ಮಾಧ್ಯಮವನ್ನೇ ಬದಲಿಸುವ ಹೆತ್ತವರಿದ್ದಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಒಂದು ಭಾಷೆಯಲ್ಲಿ ಯೋಚಿಸಲು ಆಗಷ್ಟೇ ಕಲಿಯುತ್ತಿರುವ ಮಗುವನ್ನು ಅರ್ಧದಲ್ಲಿ ಕಿತ್ತು ಇನ್ನೊಂದರಲ್ಲಿ ನೆಡುವುದು, ರಕ್ತ ಮೈಗೆ ಮರಳುವ ಮೊದಲೇ ಸಿಪ್ಪೆ ಸುಲಿದಂತೆ ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಸುಮ್ಮನೆ ಕೈಕಟ್ಟಿ ಕೂರಬೇಕೆ? ಇಲ್ಲ. ತಾಯಿಕೋಳಿ ಸುಮ್ಮನಿರುವುದಿಲ್ಲ. ಮೂರು ವಾರ ಕಾವು ಕೊಡುತ್ತದೆ, ಮೊಟ್ಟೆಗಳನ್ನು ಆಗಾಗ ಹೊರಳಿಸುತ್ತದೆ, ಒಳಗಿನ ದನಿಗೆ ತನ್ನ ದನಿಯಿಂದ ಓಗೊಡುತ್ತದೆ. ಮನೆಯಲ್ಲಿ ದಿನಕ್ಕೊಂದು ಗಂಟೆ ಗಲಾಟೆಯಿಲ್ಲದ ಓದಿನ ಹೊತ್ತು, ಒಂದು ಒಳ್ಳೆಯ ಪುಸ್ತಕ, “ಇಂದು ಏನು ಓದಿದೆ ಮಗಾ?” ಎಂಬ ಪ್ರಶ್ನೆ – ಇವೇ ನಾವು ಕೊಡಬಹುದಾದ ಕಾವು. ಇದಕ್ಕೆ ತಂದೆತಾಯಿ ಪಂಡಿತರಾಗಿರಬೇಕಾಗಿಲ್ಲ.

ಮತ್ತೊಂದು ಮಾತನ್ನೂ ಮರೆಯುವಂತಿಲ್ಲ. ಕೆಲವೊಮ್ಮೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಂಡುಬಿಡುತ್ತದೆ. ಬಿರುಕು ಬಿಟ್ಟು ಒಂದು ದಿನ ಕಳೆದ ಮೇಲೂ ಮರಿ ಮುಂದುವರಿಯದಿದ್ದರೆ ತಿಳಿದವರು ಉಗುರುಬೆಚ್ಚನೆಯ ನೀರಿನಿಂದ ಪೊರೆಯನ್ನು ನೆನೆಸಿ, ಚೂರುಚೂರಾಗಿ ಸಿಪ್ಪೆ ತೆಗೆಯುತ್ತಾರೆ. ಒಂದು ಹನಿ ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ. ಅಂತೆಯೇ, ಕರಿಹಲಗೆಯ ಅಕ್ಷರ ಕಾಣದ ಮಗುವಿದೆ, ಹಸಿದು ಬರುವ ಮಗುವಿದೆ, ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಅಕ್ಷರ ಕೂಡಿಸಲಾರದ ಮಗುವಿದೆ. ಇಂತಹವರಿಗೆ “ನೀನಾಗಿಯೇ ಕಲಿ” ಎನ್ನುವುದು ಶಿಸ್ತಲ್ಲ, ನಿರ್ದಯೆ. ಅಲ್ಲಿ ಮನೆಯೂ ಶಾಲೆಯೂ ಕೂಡಿ ಕೈಹಾಕಲೇಬೇಕು. ಕಣ್ಣು ಪರೀಕ್ಷೆ ಮಾಡಿಸಬೇಕು, ಹತ್ತಿರ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಡಬೇಕು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಒಂದು ಲೆಕ್ಕ ಬಾರದಾಗ ಕೂಡಲೇ ಗೆಳೆಯನ ಪುಸ್ತಕಕ್ಕೆ ಕೈಚಾಚಬೇಡಿ. ಅರ್ಧ ಗಂಟೆ ನೀವೇ ಹೆಣಗಿ ನೋಡಿ. ಆಮೇಲೂ ಬಾರದಿದ್ದರೆ ನಾಚಿಕೆಪಡದೆ ಕೇಳಿ. ಒಳಗಿನಿಂದ ದನಿ ಕೇಳಿಬಂದರೆ ತಾನೇ ಹೊರಗಿನವರು ಓಗೊಡುವುದು?

ಪೋಷಕರೇ, ಈ ವರ್ಷ ನಿಮ್ಮ ಮಗು ತಾನೇ ಬರೆದ, ತಪ್ಪುಗಳಿಂದ ತುಂಬಿದ ಒಂದು ಪುಟವನ್ನು ಶಾಲೆಗೆ ಕಳುಹಿಸಿರಿ. ನೀವು ತಿದ್ದಿ ಬರೆದುಕೊಟ್ಟ ಹತ್ತು ಪುಟಗಳಿಗಿಂತ ಅದು ನಮಗೆ ಹೆಚ್ಚು. ಆ ತಪ್ಪುಗಳನ್ನು ನೋಡಿಯೇ ಮುಂದಿನ ಪಾಠ ಎಲ್ಲಿಂದ ಆರಂಭವಾಗಬೇಕೆಂದು ನಾವು ತಿಳಿಯಬಲ್ಲೆವು.